ಬೋರಿವಲಿಯ ಗೋಪಾಲ್ ಶೆಟ್ಟಿ: ಪಾಲಿಕೆಯಿಂದ ಸಂಸತ್ತಿನವರೆಗೆ ಏಳು ಗೆಲುವು, ಕೊನೆಗೆ ಟಿಕೆಟ್‌ಗಾಗಿ ಬಂಡಾಯ

ಮುಂಬೈ: ಬೋರಿವಲಿ ವಿಧಾನಸಭಾ ಕ್ಷೇತ್ರದಿಂದ ಎರಡು ಬಾರಿ ಶಾಸಕ, ಮುಂಬೈ ಉತ್ತರ ಕ್ಷೇತ್ರದಿಂದ ಎರಡು ಬಾರಿ ಸಂಸದ, ಅದಕ್ಕೂ ಮೊದಲು ಮುಂಬೈ ಮಹಾನಗರ ಪಾಲಿಕೆಯಲ್ಲಿ ಮೂರು ಅವಧಿಗೆ ಸದಸ್ಯ. ತುಳುನಾಡು ಮೂಲದ ಬಿಜೆಪಿ ನಾಯಕ ಗೋಪಾಲ್ ಚಿನ್ನಯ್ಯ ಶೆಟ್ಟಿ ಅವರ ರಾಜಕೀಯ ಬದುಕನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ ಇಷ್ಟೇ. 2014 ಮತ್ತು 2019ರ ಎರಡೂ ಲೋಕಸಭಾ ಚುನಾವಣೆಗಳಲ್ಲಿ ಇಡೀ ಮಹಾರಾಷ್ಟ್ರದಲ್ಲೇ ಅತಿ ಹೆಚ್ಚು ಅಂತರದಿಂದ ಗೆದ್ದವರು ಅವರು. ಆದರೂ 2024ರಲ್ಲಿ ಪಕ್ಷ ಅವರಿಗೆ ಮೊದಲು ಲೋಕಸಭೆಯ, ಏಳು ತಿಂಗಳ ಬಳಿಕ ವಿಧಾನಸಭೆಯ ಟಿಕೆಟ್ ನಿರಾಕರಿಸಿತು. ಅವರು ಪಕ್ಷೇತರರಾಗಿ ನಾಮಪತ್ರ ಹಾಕಿದರು, ಕೊನೆಯ ದಿನ ಹಿಂಪಡೆದರು.

ಗೆಲ್ಲಲಾಗದವರಿಗೆ ಟಿಕೆಟ್ ತಪ್ಪುವುದು ಸುದ್ದಿಯಲ್ಲ. ಇಲ್ಲಿ ಟಿಕೆಟ್ ತಪ್ಪಿದ್ದು ನಾಲ್ಕೂವರೆ ಲಕ್ಷ ಮತಗಳ ಅಂತರದಿಂದ ಗೆದ್ದವರಿಗೆ. ಅಂಥ ಕ್ಷೇತ್ರದಲ್ಲಿ ಆ ಅಂತರ ಯಾರದು, ಅಭ್ಯರ್ಥಿಯದೋ ಪಕ್ಷದ್ದೋ ಎಂಬ ಪ್ರಶ್ನೆ ಶೆಟ್ಟಿ ಅವರ ಚುನಾವಣಾ ದಾಖಲೆ ನೋಡುವಾಗ ಮತ್ತೆ ಮತ್ತೆ ಎದುರಾಗುತ್ತದೆ.

ಕರಾವಳಿಯ ಹೆಸರು, ಉಪನಗರದ ರಾಜಕಾರಣ

ಗೋಪಾಲ್ ಶೆಟ್ಟಿ ಹುಟ್ಟಿದ್ದು 1954ರ ಜನವರಿ 31ರಂದು. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹೊಟ್ಟೆಪಾಡಿಗಾಗಿ ಮುಂಬೈ ಸೇರಿದ ಸಾವಿರಾರು ಕುಟುಂಬಗಳ ಎರಡನೇ ತಲೆಮಾರು ಈ ನಗರವನ್ನೇ ಊರು ಎಂದುಕೊಂಡು ಬೆಳೆಯಿತು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ವ್ಯಾಪಾರದಲ್ಲಿ ಹಿಂದಿ, ಪಕ್ಕದ ಸೊಸೈಟಿಯವರ ಜತೆ ಒಂದಿಷ್ಟು ಗುಜರಾತಿ. ಶೆಟ್ಟಿ ಅವರ ರಾಜಕಾರಣ ಬೆಳೆದದ್ದು ಈ ಬಹುಭಾಷಾ ಉಪನಗರದಲ್ಲೇ.

ಮುಂಬೈ ರಾಜಕಾರಣದಲ್ಲಿ ಕರಾವಳಿಯವರು ಹೊಸಬರಲ್ಲ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಇದೇ ನಗರದಲ್ಲಿ ಕಾರ್ಮಿಕ ಸಂಘಟನೆ ಕಟ್ಟಿ, ಪಾಲಿಕೆ ಸದಸ್ಯರಾಗಿ, 1967ರಲ್ಲಿ ಮುಂಬೈ ದಕ್ಷಿಣದಲ್ಲಿ ಕಾಂಗ್ರೆಸ್‌ನ ದಿಗ್ಗಜ ಎಸ್.ಕೆ. ಪಾಟೀಲ್ ಅವರನ್ನು ಮಣಿಸಿದ್ದು ಈಗಲೂ ಮಾತಿಗೆ ಬರುವ ಪ್ರಸಂಗ. ಅದಕ್ಕೆ ಒಂದು ವರ್ಷ ಮೊದಲು, 1966ರ ಜೂನ್ 19ರಂದು ಶಿವಸೇನೆ ಸ್ಥಾಪನೆಯಾಗಿತ್ತು. ಅದರ ಆರಂಭದ ದಿನಗಳ ಸಿಟ್ಟೆಲ್ಲ ತಿರುಗಿದ್ದು ದಕ್ಷಿಣದವರ ಮೇಲೆ. ಉಡುಪಿ ಹೋಟೆಲುಗಳೂ ಆ ಬಿಸಿ ಕಂಡಿವೆ. ನಾಲ್ಕು ದಶಕ ಕಳೆಯುವ ಹೊತ್ತಿಗೆ ಅದೇ ಶಿವಸೇನೆಯ ಮಿತ್ರಪಕ್ಷದ ಅಭ್ಯರ್ಥಿಯಾಗಿ, ಸೇನೆಯ ಕಾರ್ಯಕರ್ತರ ಬಲವನ್ನೂ ಪಡೆದು, ಒಬ್ಬ ಶೆಟ್ಟಿ ವಿಧಾನಸಭೆ ಪ್ರವೇಶಿಸಿದರು.

2009ರ ಮಹಾರಾಷ್ಟ್ರ ವಿಧಾನಸಭೆಯಲ್ಲಿ ಮುಂಬೈನಿಂದ ಗೆದ್ದವರ ಪಟ್ಟಿಯಲ್ಲಿ ಕರಾವಳಿಯ ನಾಲ್ಕು ಹೆಸರುಗಳಿದ್ದವು. ಬೋರಿವಲಿಯಿಂದ ಬಿಜೆಪಿಯ ಗೋಪಾಲ್ ಶೆಟ್ಟಿ, ಅಂಧೇರಿ ಪೂರ್ವದಿಂದ ಕಾಂಗ್ರೆಸ್‌ನ ಸುರೇಶ್ ಶೆಟ್ಟಿ, ವಿಲೆ ಪಾರ್ಲೆಯಿಂದ ಕಾಂಗ್ರೆಸ್‌ನ ಕೃಷ್ಣ ಹೆಗ್ಡೆ, ಸಯನ್ ಕೋಳಿವಾಡದಿಂದ ಕಾಂಗ್ರೆಸ್‌ನ ಜಗನ್ನಾಥ್ ಶೆಟ್ಟಿ. ಸುರೇಶ್ ಶೆಟ್ಟಿ ರಾಜ್ಯದ ಆರೋಗ್ಯ ಸಚಿವರೂ ಆದರು. ಆದರೆ 2014ರಲ್ಲಿ ಕಾಂಗ್ರೆಸ್‌ನ ಆ ಮೂರೂ ಕ್ಷೇತ್ರಗಳು ಕೈತಪ್ಪಿದವು. ಅಂಧೇರಿ ಪೂರ್ವ ಶಿವಸೇನೆಗೆ, ಉಳಿದೆರಡು ಬಿಜೆಪಿಗೆ ಹೋದವು.

ಕನ್ನಡಿಗರು, ತುಳುವರು ಮುಂಬೈಯಲ್ಲಿ ಲಕ್ಷಗಟ್ಟಲೆ ಇದ್ದರೂ ಒಂದೇ ಕ್ಷೇತ್ರದಲ್ಲಿ ಗುಂಪಾಗಿಲ್ಲ. ಸಮುದಾಯದ ಮತಗಳನ್ನಷ್ಟೇ ನಂಬಿ ಇಲ್ಲಿ ಯಾರೂ ಗೆಲ್ಲಲಾರರು. ಗುಜರಾತಿಗಳು ಮತ್ತು ಮರಾಠಿಗರು ಫಲಿತಾಂಶ ನಿರ್ಧರಿಸುವ ಬೋರಿವಲಿಯಲ್ಲಂತೂ ಅದು ಆಗದ ಮಾತು. ಗೋಪಾಲ್ ಶೆಟ್ಟಿ ಗೆದ್ದಿದ್ದು ಬಂಟ ನಾಯಕರಾಗಿ ಅಲ್ಲ, ಬೋರಿವಲಿಯವರಾಗಿ. ಈ ಗುರುತೇ ಮುಂದೆ ಅವರ ಬಂಡಾಯದ ವಾದವೂ ಆಯಿತು.

ಪಾಲಿಕೆಯ ದಿನಗಳು, ಉದ್ಯಾನಗಳ ಹೆಸರು

1992ರಲ್ಲಿ ಶೆಟ್ಟಿ ಮೊದಲ ಬಾರಿ ಪಾಲಿಕೆ ಸದಸ್ಯರಾದಾಗ ಮುಂಬೈ ಪಾಲಿಕೆ ಕಾಂಗ್ರೆಸ್ ಕೂಟದ ಕೈಯಲ್ಲಿತ್ತು. 1997ರಲ್ಲಿ ಶಿವಸೇನೆ-ಬಿಜೆಪಿ ಮೈತ್ರಿ ಅಧಿಕಾರಕ್ಕೆ ಬಂತು. ಹೀಗೆ ಅವರ ಮೊದಲ ಅವಧಿ ವಿರೋಧ ಪಕ್ಷದ ಸಾಲಿನಲ್ಲಿ, ಆಮೇಲಿನದು ಆಡಳಿತದ ಸಾಲಿನಲ್ಲಿ ಕಳೆಯಿತು. ಎರಡೂ ಕಡೆ ಕೂತ ಅನುಭವ ಉಪನಗರದ ಕಾರ್ಪೊರೇಟರ್‌ಗೆ ದೊಡ್ಡ ಪಾಠ. ನೀರಿನ ಪೈಪು, ಚರಂಡಿ, ರಸ್ತೆ, ಶೌಚಾಲಯ, ಆಟದ ಮೈದಾನ ಎಲ್ಲವೂ ಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಇತ್ಯರ್ಥವಾಗುವಂಥವು. ಅಲ್ಲಿನ ಎಂಜಿನಿಯರ್‌ಗಳ ಪರಿಚಯ, ಯಾವ ಕಡತ ಯಾರ ಮೇಜಿನ ಮೇಲಿದೆ ಎಂಬ ತಿಳಿವಳಿಕೆ ಒಬ್ಬ ಶಾಸಕನಿಗೂ ಉಪಯೋಗಕ್ಕೆ ಬರುತ್ತದೆ. ಬೇರೆಡೆಯಿಂದ ಬಂದು ನೇರವಾಗಿ ಶಾಸಕರಾದವರಿಗೆ ಇದನ್ನು ಕಲಿಯಲು ಒಂದು ಅವಧಿ ಬೇಕಾಗುತ್ತದೆ.

ಶೆಟ್ಟಿ ಅವರಿಗೆ ಹೆಸರು ತಂದುಕೊಟ್ಟಿದ್ದು ಉದ್ಯಾನಗಳು. ಬೋರಿವಲಿ, ಕಾಂದಿವಲಿ ಭಾಗದಲ್ಲಿ ಪಾಳುಬಿದ್ದಿದ್ದ, ಒತ್ತುವರಿಯ ಭಯವಿದ್ದ ಮೀಸಲು ಜಾಗಗಳನ್ನು ಹಿಡಿದು ಉದ್ಯಾನ, ಮೈದಾನಗಳಾಗಿ ರೂಪಿಸಿದ್ದರಿಂದ ಬೆಂಬಲಿಗರು ಅವರನ್ನು ‘ಉದ್ಯಾನ ಸಾಮ್ರಾಟ್’ ಎಂದೇ ಕರೆಯತೊಡಗಿದರು. ಬೋರಿವಲಿಯ ವೀರ ಸಾವರ್ಕರ್ ಉದ್ಯಾನ, ಕಾಂದಿವಲಿಯ ಪೊಯಿಸರ್ ಜಿಮ್ಖಾನಾ ಅವರ ಹೆಸರಿನ ಜತೆಗೆ ಬರುವ ಸ್ಥಳಗಳು. ಕಾಲಿಡಲೂ ಜಾಗವಿಲ್ಲದ ಮುಂಬೈಯಲ್ಲಿ ಸಂಜೆ ವಾಕಿಂಗ್ ಮಾಡಲು ಒಂದು ತೋಟ ಸಿಕ್ಕರೆ ಅದರ ಬೆಲೆ ಏನೆಂದು ಅಲ್ಲಿದ್ದವರಿಗೇ ಗೊತ್ತು.

ಇದಕ್ಕೆ ಇನ್ನೊಂದು ಮುಖವೂ ಇತ್ತು. ಪಾಲಿಕೆಯ ಜಾಗಗಳನ್ನು ಸಂಸ್ಥೆಗಳಿಗೆ ನಿರ್ವಹಣೆಗೆ ಕೊಡುವ ನೀತಿಯಡಿ ನಗರದ ಹಲವು ದೊಡ್ಡ ಮೈದಾನಗಳು ಬೇರೆ ಬೇರೆ ಪಕ್ಷಗಳ ರಾಜಕಾರಣಿಗಳಿಗೆ ನಂಟಿರುವ ಸಂಸ್ಥೆಗಳ ವಶದಲ್ಲಿದ್ದವು. ಸದಸ್ಯತ್ವ ಶುಲ್ಕ ಕೊಟ್ಟವರಿಗೆ ಮಾತ್ರ ಪ್ರವೇಶ ಎನ್ನುವುದಾದರೆ ಅದು ಸಾರ್ವಜನಿಕ ಜಾಗ ಹೇಗಾದೀತು ಎಂಬುದು ನಾಗರಿಕ ಸಂಘಟನೆಗಳ ತಕರಾರು. 2016ರ ಜನವರಿಯಲ್ಲಿ ಪಾಲಿಕೆ ಹೊಸ ಬಯಲು ಜಾಗ ನೀತಿಗೆ ಒಪ್ಪಿಗೆ ಕೊಟ್ಟಾಗ ಈ ವಿವಾದ ಭುಗಿಲೆದ್ದಿತು. ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ನೀತಿಗೆ ತಡೆ ನೀಡಿದರು. ಶೆಟ್ಟಿ ಅವರ ಹೆಸರೂ ಆಗ ಚರ್ಚೆಯ ಮಧ್ಯದಲ್ಲೇ ಇತ್ತು. ಜಾಗ ಉಳಿಸಿದವರು ಎಂಬ ಹೊಗಳಿಕೆ, ಜಾಗ ಹಿಡಿದವರು ಎಂಬ ಟೀಕೆ ಎರಡೂ ಒಂದೇ ಕೆಲಸಕ್ಕೆ ಬಂದವು. ಎರಡರಲ್ಲೂ ಸತ್ಯಾಂಶವಿದೆ.

ರಾಮ್ ನಾಯಕ್ ಸೋತ ವರ್ಷಗಳಲ್ಲಿ ಗೆದ್ದವರು

ಬೋರಿವಲಿ ಬಿಜೆಪಿಯ ಹಳೆಯ ಕೋಟೆ. 1978ರಿಂದ ಸತತ ಮೂರು ಬಾರಿ ಇಲ್ಲಿ ಶಾಸಕರಾಗಿದ್ದವರು ರಾಮ್ ನಾಯಕ್. 1989ರಲ್ಲಿ ಅವರು ಲೋಕಸಭೆಗೆ ಹೋದ ಮೇಲೆ ಹೇಮೇಂದ್ರ ಮೆಹ್ತಾ 1990, 1995, 1999ರಲ್ಲಿ ಗೆದ್ದರು. 2004ರಲ್ಲಿ ಮೆಹ್ತಾ ಅವರ ಜಾಗಕ್ಕೆ ಶೆಟ್ಟಿ ಬಂದರು. ಮೂರು ಬಾರಿ ಗೆದ್ದ ಶಾಸಕರೊಬ್ಬರ ಸ್ಥಾನವೇ ಅವರಿಗೂ ಸಿಕ್ಕಿದ್ದು ಎಂಬುದನ್ನು ಮುಂದಿನ ಕಥೆಗೆ ನೆನಪಿಟ್ಟುಕೊಳ್ಳಬೇಕು.

ಆ ವರ್ಷ ಬಿಜೆಪಿಗೆ ಒಳ್ಳೆಯದಾಗಿರಲಿಲ್ಲ. 1989ರಿಂದ 1999ರವರೆಗೆ ಐದು ಬಾರಿ ಮುಂಬೈ ಉತ್ತರವನ್ನು ಗೆದ್ದು, ವಾಜಪೇಯಿ ಸಂಪುಟದಲ್ಲಿ ಪೆಟ್ರೋಲಿಯಂ ಸಚಿವರಾಗಿದ್ದ ರಾಮ್ ನಾಯಕ್ ಅವರನ್ನು 2004ರ ಮೇನಲ್ಲಿ ಹಿಂದಿ ನಟ ಗೋವಿಂದ 48,271 ಮತಗಳಿಂದ ಸೋಲಿಸಿದ್ದರು. ಉಪನಗರದ ರೈಲು ಪ್ರಯಾಣಿಕರ ಪರ ದುಡಿದ, ಶಿಸ್ತಿನ ರಾಜಕಾರಣಿ ಎಂದು ವಿರೋಧಿಗಳೂ ಒಪ್ಪುತ್ತಿದ್ದ ನಾಯಕ್ ಸಿನಿಮಾ ನಟನ ಎದುರು ಸೋತಿದ್ದು ಪಕ್ಷಕ್ಕೆ ಆಘಾತ. ಐದು ತಿಂಗಳ ನಂತರ, ಅಕ್ಟೋಬರ್ 13ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಕಾಂಗ್ರೆಸ್-ಎನ್‌ಸಿಪಿ ಮತ್ತೆ ಅಧಿಕಾರ ಹಿಡಿದರೂ ಬೋರಿವಲಿಯಲ್ಲಿ ಶೆಟ್ಟಿ ಗೆದ್ದರು.

2009ರಲ್ಲೂ ಅದೇ ಪುನರಾವರ್ತನೆ. ಲೋಕಸಭೆಯಲ್ಲಿ ರಾಮ್ ನಾಯಕ್ ಈ ಸಲ ಕಾಂಗ್ರೆಸ್‌ನ ಸಂಜಯ್ ನಿರುಪಮ್ ಎದುರು ಬರೀ 5,779 ಮತಗಳಿಂದ ಸೋತರು. ರಾಜ್ ಠಾಕ್ರೆ ಅವರ ಎಂಎನ್‌ಎಸ್ ಅಭ್ಯರ್ಥಿ ಶಿರೀಷ್ ಪಾರ್ಕರ್ ಪಡೆದ 1,47,502 ಮತಗಳು ಲೆಕ್ಕವನ್ನೇ ತಲೆಕೆಳಗೆ ಮಾಡಿದ್ದವು. ಅಕ್ಟೋಬರ್‌ನಲ್ಲಿ ವಿಧಾನಸಭೆ ಚುನಾವಣೆ ಬಂದಾಗ ಎಂಎನ್‌ಎಸ್ ಅಲೆ ಇನ್ನೂ ಇಳಿದಿರಲಿಲ್ಲ. ಬೋರಿವಲಿಯಲ್ಲೂ ಎಂಎನ್‌ಎಸ್‌ನ ನಯನ್ ಕದಂ ಎರಡನೇ ಸ್ಥಾನಕ್ಕೆ ಬಂದರು. ಆದರೆ ಶೆಟ್ಟಿ ಸ್ಥಾನ ಉಳಿಸಿಕೊಂಡರು.

ಕ್ಷೇತ್ರ ಪುನರ್ವಿಂಗಡಣೆಯ ನಂತರ ನಡೆದ ಮೊದಲ ಚುನಾವಣೆ ಅದು. ಮುಂಬೈಗೆ ಒಟ್ಟು 36 ಸ್ಥಾನ. ಅದರಲ್ಲಿ 10 ನಗರಕ್ಕೆ, 26 ಉಪನಗರಕ್ಕೆ. ಮುಂಬೈ ಉತ್ತರ ಲೋಕಸಭಾ ಕ್ಷೇತ್ರದಡಿ ಬೋರಿವಲಿ, ದಹಿಸರ್, ಮಾಗಾಠಾಣೆ, ಕಾಂದಿವಲಿ ಪೂರ್ವ, ಚಾರ್ಕೋಪ್, ಮಲಾಡ್ ಪಶ್ಚಿಮ ಎಂಬ ಆರು ಕ್ಷೇತ್ರಗಳು ಬಂದವು. 2009ರಲ್ಲಿ ಈ ಆರರ ಫಲಿತಾಂಶ ನೋಡಿ: ಬೋರಿವಲಿ ಮತ್ತು ಚಾರ್ಕೋಪ್ ಬಿಜೆಪಿಗೆ, ದಹಿಸರ್ ಶಿವಸೇನೆಗೆ, ಮಾಗಾಠಾಣೆ ಎಂಎನ್‌ಎಸ್‌ಗೆ, ಕಾಂದಿವಲಿ ಪೂರ್ವ ಮತ್ತು ಮಲಾಡ್ ಪಶ್ಚಿಮ ಕಾಂಗ್ರೆಸ್‌ಗೆ. ಇಂದು ಕಮಲದ ಅಭೇದ್ಯ ಕೋಟೆ ಎನ್ನುವ ಪ್ರದೇಶ ಅಂದು ನಾಲ್ಕು ಪಕ್ಷಗಳ ಪಾಲಾಗಿತ್ತು. ಮುಂಬೈ ಬಿಜೆಪಿ ಅಧ್ಯಕ್ಷರ ಹೊಣೆಯನ್ನೂ ಆ ಕಾಲದಲ್ಲಿ ಹೊತ್ತಿದ್ದ ಶೆಟ್ಟಿ ಅವರ ಎರಡು ವಿಧಾನಸಭಾ ಗೆಲುವುಗಳಿಗೆ ಈ ಹಿನ್ನೆಲೆಯಲ್ಲಿ ತೂಕ ಹೆಚ್ಚು. ಆಮೇಲಿನ ಲಕ್ಷಗಳ ಅಂತರಕ್ಕಿಂತ ಗಾಳಿ ಎದುರಿದ್ದಾಗ ಗೆದ್ದ ಈ ಎರಡು ಚುನಾವಣೆಗಳೇ ಅವರ ಸ್ವಂತ ಬಲವನ್ನು ಚೆನ್ನಾಗಿ ಹೇಳುತ್ತವೆ.

4,46,582, ಆಮೇಲೆ 4,65,247

ಇನ್ನು ಸ್ಪರ್ಧಿಸುವುದಿಲ್ಲ ಎಂದು ರಾಮ್ ನಾಯಕ್ 2013ರಲ್ಲೇ ಪ್ರಕಟಿಸಿದ್ದರಿಂದ ಮುಂಬೈ ಉತ್ತರ ಶೆಟ್ಟಿ ಅವರ ಪಾಲಿಗೆ ಬಂತು. 2014ರ ಏಪ್ರಿಲ್ 24ರಂದು ಮತದಾನ. ಮೋದಿ ಅಲೆಯ ಆ ಚುನಾವಣೆಯಲ್ಲಿ ಶೆಟ್ಟಿ 6,64,004 ಮತ ಪಡೆದರು. ಹಾಲಿ ಸಂಸದ ನಿರುಪಮ್‌ಗೆ ಸಿಕ್ಕಿದ್ದು 2,17,422. ಐದು ಸಾವಿರ ಚಿಲ್ಲರೆ ಮತಗಳಿಂದ ಕೈತಪ್ಪಿದ್ದ ಕ್ಷೇತ್ರ ಐದೇ ವರ್ಷದಲ್ಲಿ 4,46,582 ಮತಗಳ ಅಂತರದಿಂದ ವಾಪಸ್ ಬಂತು. ಚಲಾವಣೆಯಾದ ಪ್ರತಿ ನೂರು ಮತಗಳಲ್ಲಿ 70 ಬಿಜೆಪಿಗೆ ಬಿದ್ದಿದ್ದವು.

2019ರಲ್ಲಿ ಕಾಂಗ್ರೆಸ್ ಮತ್ತೆ ಸಿನಿಮಾ ಅಸ್ತ್ರ ಹಿಡಿಯಿತು. ನಟಿ ಊರ್ಮಿಳಾ ಮಾತೋಂಡ್ಕರ್ ಕಣಕ್ಕಿಳಿದಾಗ 2004ರ ಗೋವಿಂದ ಪ್ರಕರಣ ಎಲ್ಲರಿಗೂ ನೆನಪಾಯಿತು. ಪ್ರಚಾರಕ್ಕೆ ಜನವೂ ಸೇರಿದರು, ಟಿವಿ ಕ್ಯಾಮೆರಾಗಳೂ ಬಂದವು. ಆದರೆ ಫಲಿತಾಂಶ ಬೇರೆಯೇ ಆಯಿತು. ಶೆಟ್ಟಿ 7,06,678, ಊರ್ಮಿಳಾ 2,41,431, ಅಂತರ 4,65,247. ಹಿಂದಿನ ಚುನಾವಣೆಗಿಂತ ಶೆಟ್ಟಿ ಅವರ ಮತ 42,674ರಷ್ಟು, ಅಂತರ 18,665ರಷ್ಟು ಏರಿತ್ತು. ಊರ್ಮಿಳಾ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಬಿಟ್ಟರು.

ಈ ಮತಗಳಲ್ಲಿ ಮೋದಿಯದೆಷ್ಟು, ಶಿವಸೇನೆಯದೆಷ್ಟು, ಶೆಟ್ಟಿಯದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ರಾಜ್ಯದ ಉಳಿದ ಬಿಜೆಪಿ ಅಭ್ಯರ್ಥಿಗಳಿಗೂ ಅದೇ ಅಲೆ ಇತ್ತು. ಅವರಾರೂ ಈ ಅಂತರ ಮುಟ್ಟಲಿಲ್ಲ.

ಗುಡಿಸಲು, ಸೇನಾ ಡಿಪೋ, ಸಂಸತ್ತು

ಶಾಸಕರಾಗಿ, ಸಂಸದರಾಗಿ ಶೆಟ್ಟಿ ಹೆಚ್ಚು ಮಾತಾಡಿದ ವಿಷಯ ಕೊಳೆಗೇರಿ ನಿವಾಸಿಗಳ ಮನೆ. ಕರ್ನಾಟಕದ ಓದುಗರಿಗೆ ಇದರ ಒಳಸುಳಿ ಅಷ್ಟು ಪರಿಚಿತವಲ್ಲದ ಕಾರಣ ಸ್ವಲ್ಪ ವಿವರಿಸಬೇಕು. ಮುಂಬೈಯಲ್ಲಿ ಗುಡಿಸಲು ಇರುವ ಜಾಗವನ್ನು ಬಿಲ್ಡರ್ ಅಭಿವೃದ್ಧಿಪಡಿಸಿ, ಅರ್ಹ ನಿವಾಸಿಗಳಿಗೆ ಅಲ್ಲಿಯೇ ಉಚಿತ ಮನೆ ಕಟ್ಟಿಕೊಟ್ಟು, ಉಳಿದ ನಿರ್ಮಾಣವನ್ನು ಮಾರುಕಟ್ಟೆ ದರಕ್ಕೆ ಮಾರಿಕೊಳ್ಳುವ ವ್ಯವಸ್ಥೆ ಇದೆ. ಎಸ್‌ಆರ್‌ಎ ಎಂದೇ ಎಲ್ಲರೂ ಕರೆಯುವ ಸ್ಲಂ ಪುನರ್ವಸತಿ ಪ್ರಾಧಿಕಾರ ಇದನ್ನು ನೋಡಿಕೊಳ್ಳುತ್ತದೆ. ಎಲ್ಲ ಜಗಳ ಇರುವುದು ‘ಅರ್ಹ’ ಎಂಬ ಪದದಲ್ಲಿ. ಮೊದಲು 1995ರ ಜನವರಿ 1ಕ್ಕೆ ಮುಂಚೆ ಇದ್ದವರು ಮಾತ್ರ ಅರ್ಹರು ಎಂದಿತ್ತು. ನಂತರ ಆ ದಿನಾಂಕ 2000ದ ಜನವರಿ 1 ಆಯಿತು. ಆಮೇಲೆ 2011ರವರೆಗೆ ಬಂದವರಿಗೆ ಹಣ ಪಾವತಿಸಿದರೆ ಮನೆ ಎಂಬ ನಿಯಮ ಬಂತು. ಅಷ್ಟಾದರೂ ಗುಡಿಸಲಿನ ಮಹಡಿಯ ಮೇಲೆ ಬಾಡಿಗೆಗೋ ಸ್ವಂತಕ್ಕೋ ಇರುವ ಕುಟುಂಬ ಲೆಕ್ಕಕ್ಕೇ ಇಲ್ಲ. ಕೆಳಗಿನವರಿಗೆ ಮನೆ, ಮೇಲಿನವರು ಬೀದಿಗೆ. ಈ ಮಹಡಿ ನಿವಾಸಿಗಳಿಗೂ ಮನೆ ಕೊಡಬೇಕೆಂದು ಶೆಟ್ಟಿ ಪಟ್ಟು ಹಿಡಿದಿದ್ದರು. ಸ್ವಪಕ್ಷದ ಸರ್ಕಾರವಿದ್ದಾಗಲೂ ಬಹಿರಂಗವಾಗಿ ಅಸಮಾಧಾನ ತೋರಿದ್ದುಂಟು.

ಅವರ ಕ್ಷೇತ್ರದ ಬೆನ್ನಿಗೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಕಾಡಿನ ಅಂಚಿನಲ್ಲಿ ನೆಲೆಸಿದವರನ್ನು ತೆರವುಗೊಳಿಸಿ ಎಂದು 1997ರಲ್ಲಿ ಬಾಂಬೆ ಹೈಕೋರ್ಟ್ ಆದೇಶಿಸಿದ ಮೇಲೆ ಪುನರ್ವಸತಿಯ ಪ್ರಶ್ನೆ ಎಳೆಯುತ್ತಲೇ ಬಂದಿದೆ. ಕಾಂದಿವಲಿ ಮತ್ತು ಮಲಾಡ್ ಪೂರ್ವದಲ್ಲಿ ಇನ್ನೊಂದು ಬಗೆಯ ಸಂಕಟ. ಅಲ್ಲಿರುವ ಸೇನೆಯ ದೊಡ್ಡ ಉಗ್ರಾಣ, ಸ್ಥಳೀಯರ ಮಾತಿನಲ್ಲಿ ಸಿಒಡಿ. ಸೇನಾ ನೆಲೆಗಳ ಸುತ್ತ ಕಟ್ಟಡ ನಿರ್ಮಾಣಕ್ಕೆ ಸೇನೆಯ ಒಪ್ಪಿಗೆ ಬೇಕೆಂದು 2011ರಲ್ಲಿ ರಕ್ಷಣಾ ಸಚಿವಾಲಯ ಸುತ್ತೋಲೆ ಹೊರಡಿಸಿದ ಬಳಿಕ ಹಳೆಯ ಕಟ್ಟಡಗಳ ಮರುನಿರ್ಮಾಣವೂ ನಿಂತುಹೋಯಿತು. ಸೋರುವ ಸೂರಿನಡಿ ಕೂತ ಮಧ್ಯಮ ವರ್ಗದ ಸೊಸೈಟಿಗಳ ಪರವಾಗಿ ಶೆಟ್ಟಿ ದೆಹಲಿಯಲ್ಲಿ ಓಡಾಡಿದರು.

ಸಂಸತ್ತಿನ ಕಲಾಪದಲ್ಲಿ ಅವರು ಸುಮ್ಮನೆ ಕೂತವರಲ್ಲ. 2023ರ ‘ಸಂಸದ್ ರತ್ನ’ ಪ್ರಶಸ್ತಿ ಪಡೆದವರಲ್ಲಿ ಅವರೂ ಒಬ್ಬರು. ಆದರೆ ಎರಡು ಅವಧಿಯಲ್ಲೂ ಕೇಂದ್ರ ಸಚಿವ ಸ್ಥಾನ ಅವರತ್ತ ಸುಳಿಯಲಿಲ್ಲ.

ಮಾತು ತಂದ ಪೇಚು

ಶೆಟ್ಟಿ ನೇರ ಮಾತಿನವರು. ಅದು ಎರಡು ಬಾರಿ ಪಕ್ಷವನ್ನು ಇಕ್ಕಟ್ಟಿಗೆ ಸಿಲುಕಿಸಿತು.

2016ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ಹಲವು ಭಾಗಗಳು ಬರದಲ್ಲಿ ಬೇಯುತ್ತಿದ್ದಾಗ, ರೈತರ ಆತ್ಮಹತ್ಯೆಗಳೆಲ್ಲ ಹಸಿವಿನಿಂದ ಆಗುತ್ತಿಲ್ಲ, ಅದೊಂದು ಫ್ಯಾಷನ್ ಆಗಿದೆ ಎಂಬರ್ಥದ ಮಾತಾಡಿದರು. ವಿರೋಧ ಪಕ್ಷಗಳ ಜತೆ ಆಗ ಮಿತ್ರಪಕ್ಷವೇ ಆಗಿದ್ದ ಶಿವಸೇನೆಯೂ ಹರಿಹಾಯ್ದಿತು. ಪರಿಹಾರ ಕೊಡುವುದರಲ್ಲಿ ರಾಜ್ಯ ಸರ್ಕಾರಗಳು ಪೈಪೋಟಿಗೆ ಬಿದ್ದಿವೆ ಎಂದು ಹೇಳಲು ಹೊರಟಿದ್ದೆ ಎಂಬುದು ಅವರ ಸಮಜಾಯಿಷಿ. ಆದರೆ ಜನರ ಕಿವಿಯಲ್ಲಿ ಉಳಿದದ್ದು ಫ್ಯಾಷನ್ ಎಂಬ ಪದವೇ.

2018ರ ಜುಲೈನಲ್ಲಿ ಮಲಾಡ್‌ನ ಮಾಲ್ವಣಿಯಲ್ಲಿ ನಡೆದ ಸಭೆಯಲ್ಲಿ ಹಿಂದೂ-ಮುಸ್ಲಿಮರು ಒಟ್ಟಾಗಿ ಸ್ವಾತಂತ್ರ್ಯ ತಂದರು, ಕ್ರೈಸ್ತರು ಬ್ರಿಟಿಷರ ಕಡೆಯವರು, ಅವರು ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಳ್ಳಲಿಲ್ಲ ಎಂದಿದ್ದು ಇನ್ನೂ ದೊಡ್ಡ ವಿವಾದವಾಯಿತು. ಇತಿಹಾಸದ ದೃಷ್ಟಿಯಿಂದ ಆ ಮಾತು ತಪ್ಪು. ರಾಜಕೀಯವಾಗಿಯೂ ಅವಿವೇಕ, ಏಕೆಂದರೆ ಬೋರಿವಲಿಯ ಐಸಿ ಕಾಲೊನಿ, ಮಲಾಡ್‌ನ ಓರ್ಲೆಂ ಅವರದೇ ಕ್ಷೇತ್ರದ ಕ್ರೈಸ್ತ ನೆಲೆಗಳು. ಅಲ್ಲಿ ಮಂಗಳೂರು ಮೂಲದ ಕುಟುಂಬಗಳೂ ಬೇಕಾದಷ್ಟಿವೆ. ಪಕ್ಷದ ಹಿರಿಯರು ಅಸಮಾಧಾನ ಸೂಚಿಸಿದಾಗ ಶೆಟ್ಟಿ ಮಾತು ಹಿಂಪಡೆಯುವ ಬದಲು ರಾಜೀನಾಮೆಗೂ ಸಿದ್ಧ ಎಂದರು. ರಾಜೀನಾಮೆಯ ಹಂತಕ್ಕೆ ಹೋಗಲಿಲ್ಲ. ಮರುವರ್ಷ ಟಿಕೆಟ್ ಸಿಕ್ಕಿತು, ಅಂತರವೂ ಹೆಚ್ಚಿತು.

2024: ಸುರಕ್ಷಿತ ಕ್ಷೇತ್ರದ ಬೆಲೆ

2024ರ ಮಾರ್ಚ್ 13ರಂದು ಬಿಜೆಪಿಯ ಎರಡನೇ ಪಟ್ಟಿ ಬಂದಾಗ ಮುಂಬೈ ಉತ್ತರದ ಎದುರು ಇದ್ದ ಹೆಸರು ಪೀಯೂಷ್ ಗೋಯಲ್. 2010ರಿಂದ ರಾಜ್ಯಸಭೆಯಲ್ಲಿದ್ದ ಕೇಂದ್ರ ಸಚಿವ ಗೋಯಲ್ ಅವರಿಗೆ ಇದು ಮೊದಲ ನೇರ ಚುನಾವಣೆ. ಮುಂಬೈ ಅವರಿಗೆ ಅಪರಿಚಿತವೇನಲ್ಲ. ತಾಯಿ ಚಂದ್ರಕಾಂತಾ ಗೋಯಲ್ ಮಾಟುಂಗಾದಿಂದ ಮೂರು ಬಾರಿ ಶಾಸಕಿಯಾಗಿದ್ದವರು. ಆದರೆ ಮಾಟುಂಗಾ ಬೇರೆ, ಬೋರಿವಲಿ ಬೇರೆ.

ಹಿರಿಯ ಸಚಿವರೊಬ್ಬರಿಗೆ ಮೊದಲ ಚುನಾವಣೆಗೆ ಎಂಥ ಕ್ಷೇತ್ರ ಹುಡುಕುತ್ತಾರೆ? ಸೋಲುವ ಭಯವಿಲ್ಲದ್ದನ್ನು. ರಾಜ್ಯದಲ್ಲೇ ಅತಿ ದೊಡ್ಡ ಅಂತರ ಕಟ್ಟಿದ್ದ ಶೆಟ್ಟಿ, ತಮ್ಮ ಕ್ಷೇತ್ರವನ್ನು ಅತಿ ಆಕರ್ಷಕವನ್ನಾಗಿಯೂ ಮಾಡಿಟ್ಟಿದ್ದರು. ಮುಂಬೈಯಲ್ಲಿ ಅದೇ ಪಟ್ಟಿಯಲ್ಲಿ ಈಶಾನ್ಯ ಕ್ಷೇತ್ರದ ಹಾಲಿ ಸಂಸದ ಮನೋಜ್ ಕೋಟಕ್ ಅವರಿಗೂ ಟಿಕೆಟ್ ತಪ್ಪಿತು. ಶೆಟ್ಟಿ ಆಗ ಬಂಡಾಯ ಏಳಲಿಲ್ಲ.

ಜೂನ್ 4ರ ಫಲಿತಾಂಶದಲ್ಲಿ ಗೋಯಲ್ 6,80,146 ಮತ ಪಡೆದು ಕಾಂಗ್ರೆಸ್‌ನ ಭೂಷಣ್ ಪಾಟೀಲ್ ಅವರನ್ನು 3,57,608 ಮತಗಳಿಂದ ಸೋಲಿಸಿದರು. ಮುಂಬೈನ ಆರು ಕ್ಷೇತ್ರಗಳಲ್ಲಿ ಬಿಜೆಪಿ ಗೆದ್ದಿದ್ದು ಇದೊಂದನ್ನೇ. ಮಿತ್ರಪಕ್ಷ ಶಿಂದೆ ಸೇನೆಯ ರವೀಂದ್ರ ವಾಯ್ಕರ್ ವಾಯವ್ಯ ಕ್ಷೇತ್ರದಲ್ಲಿ 48 ಮತಗಳಿಂದ ಪಾರಾದರು. 2019ಕ್ಕೆ ಹೋಲಿಸಿದರೆ ಮುಂಬೈ ಉತ್ತರದಲ್ಲಿ ಬಿಜೆಪಿಯ ಮತ 26,532ರಷ್ಟು ಇಳಿದಿತ್ತು, ಕಾಂಗ್ರೆಸ್‌ನದು 81,107ರಷ್ಟು ಏರಿತ್ತು. ಅಂತರ ಒಂದು ಲಕ್ಷಕ್ಕೂ ಹೆಚ್ಚು ಕುಗ್ಗಿತ್ತು. ಇದನ್ನು ಶೆಟ್ಟಿ ಇಲ್ಲದ್ದರ ಪರಿಣಾಮ ಎಂದು ಅವರ ಬೆಂಬಲಿಗರು ಹೇಳಬಹುದು. ಆದರೆ ನಡುವೆ 2022ರಲ್ಲಿ ಶಿವಸೇನೆಯೇ ಒಡೆದಿತ್ತು, ಉದ್ಧವ್ ಠಾಕ್ರೆ ಬಣದ ಮತಗಳು ಕಾಂಗ್ರೆಸ್ ಕಡೆಗಿದ್ದವು ಎಂಬುದನ್ನು ಮರೆಯುವಂತಿಲ್ಲ. ಶೆಟ್ಟಿ ನಿಂತಿದ್ದರೂ ಅಂತರ ಇಳಿಯುತ್ತಿತ್ತು. ಎಷ್ಟು ಇಳಿಯುತ್ತಿತ್ತು ಎಂಬುದಷ್ಟೇ ಪ್ರಶ್ನೆ.

ಧರ್ಮಶಾಲೆಯ ಮಾತು

ಲೋಕಸಭೆ ತಪ್ಪಿದರೆ ಹಳೆಯ ಬೋರಿವಲಿಯಾದರೂ ಸಿಗಬಹುದು ಎಂಬ ನಿರೀಕ್ಷೆ ಅವರ ಬಳಗದಲ್ಲಿತ್ತು. ಶೆಟ್ಟಿ ಬಿಟ್ಟ ನಂತರ ಆ ಕ್ಷೇತ್ರದ ಚರಿತ್ರೆಯೇ ಸ್ವಾರಸ್ಯಕರ. 2014ರಲ್ಲಿ ಇಲ್ಲಿಗೆ ಬಂದವರು ವಿಧಾನ ಪರಿಷತ್ತಿನ ವಿರೋಧ ಪಕ್ಷದ ನಾಯಕರಾಗಿದ್ದ ವಿನೋದ್ ತಾವ್ಡೆ. 79,267 ಮತಗಳಿಂದ ಗೆದ್ದು ಶಿಕ್ಷಣ ಸಚಿವರಾದರು. 2019ರಲ್ಲಿ ತಾವ್ಡೆ ಅವರಿಗೇ ಟಿಕೆಟ್ ತಪ್ಪಿ, ಹಿಂದಿನ ಚುನಾವಣೆಯಲ್ಲಿ ವರ್ಲಿಯಲ್ಲಿ ಸೋತಿದ್ದ ಸುನಿಲ್ ರಾಣೆ ಬಂದರು. 95,021 ಮತಗಳಿಂದ ಗೆದ್ದರು. 2024ರಲ್ಲಿ ರಾಣೆ ಅವರೂ ಹೋಗಿ, ಅಕ್ಟೋಬರ್ 28ರಂದು ಸಂಜಯ್ ಉಪಾಧ್ಯಾಯ ಅವರ ಹೆಸರು ಪ್ರಕಟವಾಯಿತು. 2021ರ ರಾಜ್ಯಸಭಾ ಉಪಚುನಾವಣೆಗೆ ಪಕ್ಷ ಹೆಸರಿಸಿ, ಆಮೇಲೆ ಕಣದಿಂದ ಹಿಂದೆ ಸರಿಸಿದ್ದ ಸಂಘಟಕ ಅವರು. ಮೂರು ಚುನಾವಣೆ, ಮೂವರು ಅಭ್ಯರ್ಥಿಗಳು. ಬೋರಿವಲಿಯಲ್ಲೇ ಬೆಳೆದ ಕಾರ್ಯಕರ್ತರಿಗೆ ಒಮ್ಮೆಯೂ ಅವಕಾಶವಿಲ್ಲ.

ಶೆಟ್ಟಿ ಸಿಡಿದರು. ಬೋರಿವಲಿಯೇನು ಧರ್ಮಶಾಲೆಯೇ, ಯಾರು ಬೇಕಾದರೂ ಬಂದು ಇಳಿದುಕೊಳ್ಳಲು ಎಂಬುದು ಅವರ ವಾದದ ಸಾರ. ತಾವು ಹೋರಾಡುತ್ತಿರುವುದು ಪಕ್ಷದ ವಿರುದ್ಧವಲ್ಲ, ಸ್ಥಳೀಯ ಕಾರ್ಯಕರ್ತರನ್ನು ಕಡೆಗಣಿಸುವ ಪದ್ಧತಿಯ ವಿರುದ್ಧ ಎನ್ನುತ್ತ ಬೆಂಬಲಿಗರೊಂದಿಗೆ ಹೋಗಿ ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿದರು. ಎಪ್ಪತ್ತರ ವಯಸ್ಸಿನಲ್ಲಿ, ಮೂರು ದಶಕಕ್ಕೂ ಹೆಚ್ಚು ಕಾಲ ಒಂದೇ ಚಿಹ್ನೆಯಡಿ ಗೆದ್ದವರು ಆ ಚಿಹ್ನೆಯ ಎದುರೇ ನಿಲ್ಲಲು ಹೊರಟಿದ್ದರು.

ಮನವೊಲಿಸಲು ಬಂದವರಲ್ಲಿ ಮುಖ್ಯರಾದವರು ವಿನೋದ್ ತಾವ್ಡೆ! ಬೋರಿವಲಿಗೆ ಹೊರಗಿನಿಂದ ಬಂದ ಮೊದಲ ಅಭ್ಯರ್ಥಿಯೂ ಅವರೇ, ಅಲ್ಲಿಯೇ ಟಿಕೆಟ್ ಕಳೆದುಕೊಂಡವರೂ ಅವರೇ. ಟಿಕೆಟ್ ತಪ್ಪಿದಾಗ ಸದ್ದಿಲ್ಲದೆ ಕೂತು, ಮುಂದೆ ಪಕ್ಷದ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾದವರು. ಕಾದರೆ ಫಲವಿದೆ ಎಂದು ಹೇಳಲು ಅವರಿಗಿಂತ ತಕ್ಕವರು ಸಿಗುವುದು ಕಷ್ಟ. ಫಡಣವೀಸ್ ಅವರ ಜತೆಗೂ ಮಾತುಕತೆ ನಡೆಯಿತು. ನವೆಂಬರ್ 4, ನಾಮಪತ್ರ ಹಿಂಪಡೆಯಲು ಕೊನೆಯ ದಿನ. ಶೆಟ್ಟಿ ಕಣದಿಂದ ಸರಿದರು. ತಮ್ಮ ಹೋರಾಟದ ವಿಷಯ ವರಿಷ್ಠರಿಗೆ ತಲುಪಿದೆ, ಪಕ್ಷ ಬಿಡುವ ಪ್ರಶ್ನೆಯೇ ಇಲ್ಲ ಎಂದರು.

ನಿಂತಿದ್ದರೆ ಗೆಲ್ಲುತ್ತಿದ್ದರೇ? ನವೆಂಬರ್ 23ರ ಫಲಿತಾಂಶ ನೋಡಿದರೆ ಅನುಮಾನ. ಉಪಾಧ್ಯಾಯ 1,39,947 ಮತ ಪಡೆದು, ಠಾಕ್ರೆ ಬಣದ ಸಂಜಯ್ ಭೋಸಲೆ ಅವರನ್ನು 1,00,257 ಮತಗಳಿಂದ ಸೋಲಿಸಿದರು. ತಾವ್ಡೆ 79 ಸಾವಿರ, ರಾಣೆ 95 ಸಾವಿರ, ಉಪಾಧ್ಯಾಯ ಒಂದು ಲಕ್ಷ. ಅಭ್ಯರ್ಥಿ ಬದಲಾದಷ್ಟೂ ಅಂತರ ಏರುತ್ತಲೇ ಹೋಗಿದೆ. ಪಕ್ಷದ ನಾಯಕರಿಗೆ ಈ ಅಂಕಿಗಳಲ್ಲಿ ಕಾಣುವುದು ಚಿಹ್ನೆಯ ಬಲ. ಶೆಟ್ಟಿ ಅವರ ಕಡೆಯಿಂದ ನೋಡಿದರೆ, ನಾಲ್ಕು ಪಕ್ಷಗಳು ಹಂಚಿಕೊಂಡಿದ್ದ ಈ ನೆಲವನ್ನು ಚಿಹ್ನೆಗೆ ಬಲ ಬರುವಂತೆ ಹದಗೊಳಿಸಿದ್ದು ಮೂವತ್ತು ವರ್ಷಗಳ ವಾರ್ಡ್ ಮಟ್ಟದ ಕೆಲಸ.

ಅದೇ ಚುನಾವಣೆಯಲ್ಲಿ ಮುಂಬೈ ಉತ್ತರದ ಆರು ಸ್ಥಾನಗಳಲ್ಲಿ ಬೋರಿವಲಿ, ದಹಿಸರ್, ಕಾಂದಿವಲಿ ಪೂರ್ವ, ಚಾರ್ಕೋಪ್ ಬಿಜೆಪಿಗೆ, ಮಾಗಾಠಾಣೆ ಶಿಂದೆ ಸೇನೆಗೆ ಬಂದವು. ಮಲಾಡ್ ಪಶ್ಚಿಮದಲ್ಲಿ ಮಾತ್ರ ಕಾಂಗ್ರೆಸ್‌ನ ಅಸ್ಲಂ ಶೇಖ್ 2009ರಿಂದ ಸತತ ನಾಲ್ಕನೇ ಬಾರಿ ಗೆದ್ದರು. ಅಲ್ಲಿ ಅಭ್ಯರ್ಥಿ ಒಮ್ಮೆಯೂ ಬದಲಾಗಿಲ್ಲ.